ಅಜ್ಜಗ ನಡಕೊಂಡೀವಿ: ಶಿಶುನಾಳದ ಜಗಲಿಯ ಮೇಲೆ ತಿದ್ದಿದ ಒಂದು ವಾಕ್ಯದ ಪ್ರಕರಣ ಅಧ್ಯಯನ

ನನ್ನ ವಿದ್ಯಾರ್ಥಿನಿಯೊಬ್ಬಳ ಸಂಶೋಧನ ಪ್ರಬಂಧದ ಮೂರನೆಯ ಅಧ್ಯಾಯ ಈ ವಾಕ್ಯದಿಂದ ಶುರುವಾಗುತ್ತಿತ್ತು: “ಶಿಶುನಾಳ ಶರೀಫರ ಭಕ್ತರು ಹಿಂದೂ ಮತ್ತು ಇಸ್ಲಾಂ ಎರಡೂ ಧರ್ಮಗಳಲ್ಲಿ ನಂಬಿಕೆ ಇಟ್ಟವರು.”

ಸರಳ ವಾಕ್ಯ, ವ್ಯಾಕರಣದ ತಪ್ಪಿಲ್ಲ. ಭಾಷಣಗಳಲ್ಲಿ, ಜಾತ್ರೆಯ ಕರಪತ್ರಗಳಲ್ಲಿ ಇಂಥ ಮಾತನ್ನು ನಾವೆಲ್ಲ ಎಷ್ಟೋ ಸಲ ಓದಿದ್ದೇವೆ, ಕೇಳಿದ್ದೇವೆ. ಮಾರ್ಗದರ್ಶಕನಾಗಿ ನಾನೂ ಅದನ್ನು ಓದಿ, ಅಂಚಿನಲ್ಲಿ ‘ಸರಿ’ ಎಂದು ಬರೆದು ವಾಪಸ್ ಕೊಟ್ಟಿದ್ದೆ. ಆಮೇಲೆ ಹಾವೇರಿ ಜಿಲ್ಲೆಯ ಒಂದು ಮನೆಯ ಜಗಲಿಯಿಂದ ಶುರುವಾಗಿ, ಒಂದೇ ದಿನದಲ್ಲಿ, ಆ ವಾಕ್ಯದ ಮುಖ್ಯ ಪದಗಳೆಲ್ಲ ಒಂದೊಂದಾಗಿ ಬಿದ್ದುಹೋದವು. ಅದು ಹೇಗಾಯಿತು, ಅದರ ಹಿಂದೆ ಕೆನಡಾದ ಧರ್ಮಾಧ್ಯಯನದ ವಿದ್ವಾಂಸ ವಿಲ್ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ ಅವರ ಬದುಕಿನ ದುಡಿಮೆ ಹೇಗೆ ನಿಂತಿತ್ತು ಎಂಬುದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಧರ್ಮದ ವಿಷಯ ಹಿಡಿದು ಸಂಶೋಧನೆಗೆ ಕೂರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಇದು ಉಪಯೋಗಕ್ಕೆ ಬರುತ್ತದೆ ಎಂದು ನಂಬಿದ್ದೇನೆ. ಹಳ್ಳಿಯವರ ಹೆಸರು ಹಾಕಿಲ್ಲ. ವಿದ್ಯಾರ್ಥಿನಿಯ ಹೆಸರನ್ನೂ ಅವಳು ಬೇಡವೆಂದದ್ದಕ್ಕೆ ಬಿಟ್ಟಿದ್ದೇನೆ.

ಕೋಷ್ಟಕ

ಅವಳು ರಾಣೆಬೆನ್ನೂರು ಕಡೆಯ ಒಕ್ಕಲುತನದ ಮನೆಯವಳು. ಎಂ.ಎ. ಓದಲೆಂದು ಧಾರವಾಡಕ್ಕೆ ಬಂದು ಇಲ್ಲೇ ಸಂಶೋಧನೆಗೆ ನಿಂತಳು. ಶರೀಫರ ತತ್ವಪದಗಳನ್ನು ಸೂಫಿಗಳ ವಿಚಾರದ ಜೊತೆಗೂ ಶರಣರ ವಚನಗಳ ಜೊತೆಗೂ ಇಟ್ಟು ನೋಡುವುದು ಅವಳ ವಿಷಯ.

ಶರೀಫರ ಬದುಕನ್ನು ಇಲ್ಲಿಯ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಹುಲಗೂರಿನ ಖಾದರ ಶಾವಲಿಗೆ ಹರಕೆ ಹೊತ್ತು ಪಡೆದ ಮಗ ಎಂದು ಊರವರು ಹೇಳುತ್ತಾರೆ. ಕೆಲವು ಕಾಲ ಶಾಲೆಯ ಮಾಸ್ತರಿಕೆ ಮಾಡಿದರು. ಆಮೇಲೆ ಕಳಸದ ಗೋವಿಂದ ಭಟ್ಟರ ಬೆನ್ನು ಹತ್ತಿದರು. ಬ್ರಾಹ್ಮಣ ಗುರು ಮುಸಲ್ಮಾನ ಶಿಷ್ಯನ ಕೊರಳಿಗೆ ಜನಿವಾರ ಹಾಕಿದ, ಶಿಷ್ಯ ಅದನ್ನೇ ಪದ ಮಾಡಿ ಹಾಡಿದ. ಮೊಹರಮ್ಮಿನ ರಿವಾಯತ್ ಪದಗಳನ್ನೂ ಅದೇ ಬಾಯಿ ಕಟ್ಟಿತು. ಇವತ್ತಿಗೂ ಅವರ ಗದ್ದುಗೆಗೆ ಎರಡೂ ಕಡೆಯ ಮಂದಿ ಬರುತ್ತಾರೆ. ಆ ಮಂದಿಯ ಬಾಯಲ್ಲಿ ಶರೀಫರು ‘ಅಜ್ಜ’.

ಇಷ್ಟು ಸಾಮಗ್ರಿ ಕೈಯಲ್ಲಿದ್ದಾಗ ಹೋಲಿಕೆ ಸುಲಭ ಅನಿಸುತ್ತದೆ. ಅವಳು ಮೊದಲು ಮಾಡಿದ್ದು ಒಂದು ಕೋಷ್ಟಕ. ಮೂರು ಸಾಲು ಹಾಕಿ ಸೂಫಿ, ಶರಣ, ಶರೀಫ ಎಂದು ತಲೆಬರಹ ಕೊಟ್ಟಳು. ಗುರುವಿನ ಎದುರಿಗೆ ಪೀರ್, ದೇಹವೇ ದೇಗುಲ ಎಂಬ ಮಾತಿನ ಎದುರಿಗೆ ಗುಡಿಯ ಪದ, ಅಹಂಕಾರ ಕಳೆಯುವುದರ ಎದುರಿಗೆ ಫನಾ, ಅಂದರೆ ಸೂಫಿಗಳು ಹೇಳುವ ‘ತಾನು’ ಕರಗಿಹೋಗುವ ಸ್ಥಿತಿ. ಹೋಲಿಕೆ ಕಂಡಲ್ಲೆಲ್ಲ ಗುರುತು. ಕೋಷ್ಟಕ ತುಂಬಿತು. ಎಲ್ಲವೂ ಎಲ್ಲದರ ಹಾಗಿದೆ ಎಂದು ತೋರಿಸಿದ ಮೇಲೆ ಇನ್ನೇನು ಹೇಳುವುದು ಉಳಿಯಿತು ಎಂಬುದು ನನಗೂ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ. ಆಗ ಅವಳ ಕೈಗೆ ವಿಲ್ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ ಅವರ ಬರಹ ಕೊಟ್ಟೆ.

ಲಾಹೋರಿನಲ್ಲಿ ಕಲಿತವರು

ಸ್ಮಿತ್ 1916ರಲ್ಲಿ ಟೊರೊಂಟೊದಲ್ಲಿ ಹುಟ್ಟಿದರು. ಅಲ್ಲಿ ಪೌರ್ವಾತ್ಯ ಭಾಷೆಗಳನ್ನು ಓದಿ, ಕೇಂಬ್ರಿಜ್‌ನಲ್ಲಿ ಎಚ್. ಎ. ಆರ್. ಗಿಬ್ ಅವರ ಬಳಿ ಇಸ್ಲಾಂ ಅಧ್ಯಯನ ಮಾಡಿದರು. 1940ರ ದಶಕದ ಮೊದಲ ಅರ್ಧದಲ್ಲಿ ಲಾಹೋರಿನ ಫೋರ್ಮನ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪಾಠ ಹೇಳಿದರು. ಪ್ರೆಸ್ಬಿಟೇರಿಯನ್ ಪಂಥದ ಪಾದ್ರಿಯ ದೀಕ್ಷೆಯೂ ಅವರಿಗಾಗಿತ್ತು. ಅಂದರೆ ಇವರು ದೂರದ ಗ್ರಂಥಾಲಯದಲ್ಲಿ ಕುಳಿತು ಮುಸಲ್ಮಾನರ ಬಗ್ಗೆ ಬರೆದವರಲ್ಲ. ಹಿಂದೂ, ಮುಸಲ್ಮಾನ, ಸಿಖ್ಖರು ಒಂದೇ ಊರಿನಲ್ಲಿ ಬಾಳುತ್ತಿದ್ದ ಕಾಲದ ಲಾಹೋರಿನಲ್ಲಿ ಮನೆ ಮಾಡಿಕೊಂಡು ಇದ್ದವರು.

ಅವರ ಮೊದಲ ಪುಸ್ತಕ 1943ರಲ್ಲಿ ಲಾಹೋರಿನಲ್ಲೇ ಅಚ್ಚಾಯಿತು. ಭಾರತದ ಆಧುನಿಕ ಇಸ್ಲಾಮನ್ನು ಮಾರ್ಕ್ಸ್‌ವಾದದ ಕಣ್ಣಿನಿಂದ ನೋಡಿದ ಬರಹ ಅದು. ಜನರ ಶ್ರದ್ಧೆಯನ್ನು ಅವರ ಆರ್ಥಿಕ ಸ್ಥಿತಿಯ ನೆರಳು ಎಂಬಂತೆ ಅಳೆಯುವ ಒಲವು ಅದರಲ್ಲಿತ್ತು. ಕೇಂಬ್ರಿಜ್ ಆ ಕೆಲಸಕ್ಕೆ ಡಾಕ್ಟರೇಟ್ ಕೊಡಲಿಲ್ಲ. ಆ ಪದವಿಯನ್ನು ಅವರು 1948ರಲ್ಲಿ ಪ್ರಿನ್ಸ್‌ಟನ್‌ನಿಂದ ಪಡೆದರು. ಅದಕ್ಕಿಂತ ದೊಡ್ಡ ಪೆಟ್ಟು 1947ರ ದೇಶವಿಭಜನೆಯದು. ತಾವು ಪಾಠ ಹೇಳಿದ ನಾಡೇ ಹೋಳಾಗಿಹೋಯಿತು. ಜನರ ಎದೆಯೊಳಗೆ ಇರುವುದನ್ನು ಹೊರಗಿನ ಲೆಕ್ಕದಿಂದ ಅಳೆಯಲು ಹೋದರೆ ಎಲ್ಲಿ ಸೋಲುತ್ತೇವೆ ಎಂಬುದು ಆ ಅನುಭವದಿಂದ ಅವರಿಗೆ ತಟ್ಟಿತು ಎಂದು ನಾನು ತಿಳಿದಿದ್ದೇನೆ. ಆಮೇಲಿನ ಅವರ ಬರಹ ಬೇರೆಯೇ ದಾರಿ ಹಿಡಿಯಿತು.

1950ರ ದಶಕದ ಆರಂಭದಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಇಸ್ಲಾಂ ಅಧ್ಯಯನ ಸಂಸ್ಥೆ ಕಟ್ಟಿದರು. ಅಲ್ಲಿ ಕಲಿಸುವವರಲ್ಲೂ ಕಲಿಯುವವರಲ್ಲೂ ಅರ್ಧದಷ್ಟು ಮಂದಿ ಮುಸಲ್ಮಾನರೇ ಇರಬೇಕೆಂದು ಹಟ ಹಿಡಿದರು. ಯಾರ ಬಗ್ಗೆ ಮಾತಾಡುತ್ತೇವೋ ಅವರು ಕೋಣೆಯಲ್ಲೇ ಕುಳಿತಿರಬೇಕು ಎಂಬುದು ಅದರ ಅರ್ಥ. ಆ ಕಾಲದ ವಿಶ್ವವಿದ್ಯಾಲಯಗಳಲ್ಲಿ ಇದು ಸಣ್ಣ ಮಾತಲ್ಲ. 1964ರಿಂದ 1973ರ ತನಕ ಹಾರ್ವರ್ಡ್‌ನ ವಿಶ್ವಧರ್ಮಗಳ ಅಧ್ಯಯನ ಕೇಂದ್ರವನ್ನು ನಡೆಸಿದರು. 2000ದಲ್ಲಿ ಟೊರೊಂಟೊದಲ್ಲೇ ತೀರಿಕೊಂಡರು.

ನನ್ನ ವಿದ್ಯಾರ್ಥಿನಿಗೆ ನಾನು ಮೊದಲು ಓದಿಸಿದ್ದು 1959ರ ಅವರ ಒಂದು ಪ್ರಬಂಧ. ಅದರಲ್ಲಿ ಒಂದು ಕಟ್ಟುನಿಟ್ಟಿನ ಮಾತಿದೆ: ಒಂದು ಧರ್ಮದ ಬಗ್ಗೆ ಯಾರೇ ಹೇಳಿದ ಮಾತಾಗಲಿ, ಆ ಧರ್ಮದವರು ‘ಹೌದು’ ಎಂದು ಒಪ್ಪಿದರೆ ಮಾತ್ರ ಅದು ನಿಲ್ಲುತ್ತದೆ. ಅದೇ ಪ್ರಬಂಧದಲ್ಲಿ ಈ ಅಧ್ಯಯನ ಸಾಗಿಬಂದ ದಾರಿಯನ್ನು ಅವರು ಸರ್ವನಾಮಗಳಲ್ಲಿ ಹೇಳುತ್ತಾರೆ. ಮೊದಲು ವಿದ್ವಾಂಸರು ಬೇರೆಯವರ ಧರ್ಮವನ್ನು ‘ಅದು’ ಎಂದರು. ಆಮೇಲೆ ಅಲ್ಲಿ ಮನುಷ್ಯರಿದ್ದಾರೆಂದು ಕಂಡು ‘ಅವರು’ ಎಂದರು. ಎದುರಿಗೆ ಕುಳಿತು ಮಾತಾಡತೊಡಗಿದಾಗ ‘ನೀವು’ ಎಂದಾಯಿತು. ಎಲ್ಲರೂ ಕೂಡಿ ನಮ್ಮ ನಮ್ಮ ವಿಷಯ ಮಾತಾಡಿದಾಗ ಅದು ‘ನಾವು’ ಆಗುತ್ತದೆ.

ಅವಳು ಓದಿ ಬಂದು ಕೇಳಿದ್ದು ಒಂದೇ ಪ್ರಶ್ನೆ: “ಹಂಗಾರ ಸರ್, ನನ್ನ ಮೂರನೇ ಅಧ್ಯಾಯಾನ ಶಿಶುನಾಳಕ್ಕ ಒಯ್ದು ಓದಿ ತೋರಸಬೇಕಲ್ರಿ?”

ಮಾರ್ಗದರ್ಶಕನಾದ ನಾನು ಹೇಳಬೇಕಾಗಿದ್ದ ಮಾತನ್ನು ಅವಳೇ ಹೇಳಿದಳು. ಹೋಗು ಎಂದೆ.

ತಡಿ

ಜನವರಿಯ ಕೊನೆ. ಹುಬ್ಬಳ್ಳಿಯಿಂದ ಕುಂದಗೋಳ ದಾಟಿ ಹೋಗುವಾಗ ಎರಡೂ ಬದಿಗೆ ಎರೆಹೊಲ, ಕಣದಲ್ಲಿ ಕೆಂಪಗೆ ಹರವಿದ ಮೆಣಸಿನಕಾಯಿ. ಬಸ್ಸಿನ ಕಿಟಕಿಯಲ್ಲೂ ಅದರ ಘಾಟು ಮೂಗಿಗೆ ಬಡಿಯುತ್ತಿತ್ತೆಂದು ಅವಳು ಟಿಪ್ಪಣಿಯಲ್ಲಿ ಬರೆದುಕೊಂಡಿದ್ದಾಳೆ. ಅಂದಿನ ಮಾತೆಲ್ಲವನ್ನೂ ಕೇಳಿಯೇ ಮೊಬೈಲಿನಲ್ಲಿ ದಾಖಲಿಸಿಕೊಂಡಿದ್ದಳು. ನಾನು ಅದನ್ನು ಹಲವು ಸಲ ಕೇಳಿದ್ದೇನೆ. ಮುಂದಿನದೆಲ್ಲ ಆ ಧ್ವನಿಮುದ್ರಣದಿಂದ ಬರೆಯುತ್ತಿದ್ದೇನೆ.

ಮೊದಲು ಹೋದದ್ದು ಭಜನೆಯ ಹಾಡಿಕೆಯ ಒಬ್ಬ ಅಜ್ಜನ ಮನೆಗೆ. ಲಿಂಗಾಯತರ ಮನೆ. ಅಕ್ಷರ ಬಾರದು, ಆದರೆ ನೂರಾರು ಪದ ಬಾಯಲ್ಲಿವೆ. ಜಗಲಿಯ ಮೇಲೆ ತಂಬೂರಿ ಗೋಡೆಗೆ ಒರಗಿಸಿ ಕುಳಿತಿದ್ದರು. ಅವಳು ಚಹಾ ಕುಡಿದು ಅಧ್ಯಾಯ ತೆಗೆದು ಓದಲು ಶುರುಮಾಡಿದಳು. ಮೊದಲ ವಾಕ್ಯ ಮುಗಿಯಿತೋ ಇಲ್ಲವೋ, ಅಜ್ಜ ಅಂದರು:

“ತಡಿ.”

ಸ್ವಲ್ಪ ಹೊತ್ತು ಯಾರೂ ಮಾತಾಡಿಲ್ಲ. ಒಂದು ಎಮ್ಮೆ ಕೂಗುವುದು ಕೇಳುತ್ತದೆ.

“ನಂಬಿಕಿ ಅಂತ ಬರದಿ ಏನವಾ?”

“ಹೌದ್ರಿ ಅಜ್ಜಾರ.”

“ನಂಬಿಕಿ ದಲಾಲನ ಮ್ಯಾಲ ಇಡೂದು. ಹತ್ತಿ ಹಾಕಿ ಬರತೀವಿ, ರೊಕ್ಕ ಕೊಡತಾನ ಅಂತ ನಂಬತೀವಿ. ಕೊಡಲಿಲ್ಲಂದ್ರ ನಂಬಿಕಿ ಹೋತು. ಅಜ್ಜನ ಮ್ಯಾಲ ಎಂಥಾ ನಂಬಿಕಿ? ನಾವು ಅಜ್ಜಗ ನಡಕೊಂಡೀವಿ.”

“ಅಂದ್ರ ಭಕ್ತಿ ಮಾಡತೀರಿ ಅಂತಲ್ರಿ?”

“ಭಕ್ತಿ ದೊಡ್ಡ ಮಾತವಾ. ಅದು ಅಜ್ಜಗ ತನ್ನ ಗುರುವಿನ ಮ್ಯಾಲ ಇತ್ತು. ನಮ್ಮ ಕೈಲೆ ಎಲ್ಲಿ ಆಗತೈತಿ? ನಾವು ನಡಕೊಳ್ಳೂ ಮಂದಿ. ನಮ್ಮಪ್ಪ ನಡಕೊಂಡ, ನಾವು ನಡಕೊಂಡೀವಿ.”

ಇಷ್ಟು ಹೇಳಿ ಸುಮ್ಮನಾಗಿದ್ದರೆ ಅವಳಿಗೆ ತಿಳಿಯುತ್ತಿತ್ತೋ ಇಲ್ಲವೋ. ಅಜ್ಜ ತಲೆ ಎತ್ತಿ ಮೇಲೆ ತೋರಿಸಿದರು. ಅವರದು ಹಳೆಯ ಮಾಳಿಗೆ ಮನೆ. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ತುಂಡು, ಅದರ ಮೇಲೆ ಮಣ್ಣಿನ ಮೇಲ್ಮುದ್ದೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಬುಟ್ಟಿಯಲ್ಲಿ ಸವಳು ಮಣ್ಣು ಹೊತ್ತು ಮೇಲೆ ಹಾಕಿ ತುಳಿಯಬೇಕು. ಒಂದು ವರ್ಷ ಬಿಟ್ಟರೆ ಸೋರುತ್ತದೆ. ಮೂಲೆಯ ಜಂತಿ ಕಪ್ಪಾಗಿತ್ತಂತೆ.

“‘ಸೋರುತಿಹುದು ಮನೆಯ ಮಾಳಿಗಿ’ ಅಂತ ಹಾಡತೀವಿ. ಸೋರತೈತಿ ಅನ್ನೂದನ್ನ ನಂಬೂದೇನೈತಿ? ತಲಿ ಮ್ಯಾಲ ಹನಿ ಬೀಳತೈತಿ, ತಿಳೀತೈತಿ. ಮಣ್ಣು ಹೊತಗೊಂಡು ಮ್ಯಾಲ ಏರಬೇಕು. ವರ್ಸಾ ಏರಬೇಕು. ನಡಕೊಳ್ಳೂದಂದ್ರ ಅದು.”

ನಾಡಿನ ಎಲ್ಲ ಕಡೆ ಹಾಡುವ ಪದ ಅದು. ‘ಹುಳುಕು ಜಂತಿ’ ಎಂಬ ಮಾತು ಅದರಲ್ಲಿ ಬರುತ್ತದೆ. ಅವಳು ಅದನ್ನು ದೇಹದ ರೂಪಕವೆಂದು ಎರಡು ಪುಟ ಬರೆದಿದ್ದಳು. ಬರೆದದ್ದು ತಪ್ಪೇನಲ್ಲ. ಆದರೆ ಆ ಜಂತಿಯ ಕೆಳಗೇ ಕುಳಿತು ಹಾಡುವವರಿಗೆ ಪದದ ಅರ್ಥ ಪ್ರತಿ ವರ್ಷ ಮೈಮುರಿದು ಮಾಡುವ ಒಂದು ಕೆಲಸದ ಜೊತೆ ಹೊಂದಿಕೊಂಡಿದೆ ಎಂಬುದು ಆ ಎರಡು ಪುಟಗಳಲ್ಲಿ ಇರಲಿಲ್ಲ.

ಮಾಸ್ತರರ ಆಕ್ಷೇಪ

ಮಧ್ಯಾಹ್ನ ಪಕ್ಕದ ಊರಿನಲ್ಲಿ ಒಬ್ಬ ನಿವೃತ್ತ ಮಾಸ್ತರರನ್ನು ಕಂಡಳು. ಮುಸಲ್ಮಾನರು, ಕನ್ನಡ, ಉರ್ದು ಎರಡೂ ಚೆನ್ನಾಗಿ ಬಲ್ಲವರು. ಹಾಳೆಯನ್ನು ತಾವೇ ಇಸಿದುಕೊಂಡು, ಚಷ್ಮಾ ಹಾಕಿಕೊಂಡು ಓದಿದರು. ಅವರಿಗೆ ‘ನಂಬಿಕೆ’ ಅಷ್ಟಾಗಿ ತೊಡಕೆನಿಸಲಿಲ್ಲ. ಅವರ ಬೆರಳು ನಿಂತದ್ದು ‘ಎರಡೂ ಧರ್ಮಗಳಲ್ಲಿ’ ಎಂಬಲ್ಲಿ.

“ಇದನ್ನ ತಗೀರಿ. ನಂದು ಒಂದ ದೀನ್ ಐತ್ರಿ. ಐದೂ ಹೊತ್ತು ನಮಾಜ್ ಮಾಡತೀನಿ, ರೋಜಾ ಹಿಡೀತೀನಿ. ಅಜ್ಜಾರ ಗದ್ದಿಗಿಗೆ ಹೋಗಿ ಹೂವು ಏರಿಸಿ ಫಾತೆಹಾ ಓದಿ ಬರತೀನಿ. ನನ್ನ ಬಾಜೂಕ ನಿಂತಾಂವ ಕಾಯಿ ಒಡೀತಾನ. ಅಂವಂದು ಅಂವಗ, ನಂದು ನನಗ. ಇದರಾಗ ಎರಡನೇದ್ದು ಎಲ್ಲಿ ಬಂತ್ರಿ?”

ಅವಳು ಸಮನ್ವಯ ಎಂಬ ಪದ ತಂದಳು. ಅವರು ದನಿ ಏರಿಸಲಿಲ್ಲ, ಆದರೆ ಮುಂದಿನ ಮಾತು ನನ್ನ ನೆನಪಿನಿಂದ ಹೋಗಿಲ್ಲ:

“ನಮ್ಮ ಪೈಕಿನ ಕೆಲವರು ಗದ್ದಿಗಿಗೆ ಹೋಗಬ್ಯಾಡ್ರಿ ಅಂತಾರ. ಅವರಿಗೆ ಉತ್ತರಾ ಕೊಡಕೋತ ಬಂದೀನ್ರಿ, ಇಷ್ಟ ವರ್ಸಾತು. ನಾಳೆ ನಿಮ್ಮ ಪುಸ್ತಕಾ ಹಿಡದು, ನೋಡ್ರಿ ಮಾಸ್ತರ, ನೀವು ಎರಡು ಧರ್ಮದವರಂತ ಯುನಿವರ್ಸಿಟಿಯವರ ಬರದಾರ ಅಂದ್ರ ನಾ ಏನ್ ಹೇಳಲಿ? ನೀವು ಛೊಲೋದಕ್ಕ ಬರದೀರಿ, ಅದು ಗೊತ್ತೈತಿ. ಆದ್ರ ನನ್ನ ಕಾಲಾಗಿನ ನೆಲಾ ತಗದ್ರಿ.”

ಸೌಹಾರ್ದವನ್ನು ಹೊಗಳಲು ಬರೆದ ವಾಕ್ಯ, ಆ ಸೌಹಾರ್ದವನ್ನು ದಿನಾಲೂ ಬದುಕುತ್ತಿರುವ ಮನುಷ್ಯನನ್ನು ಅವನ ಮಂದಿಯಿಂದಲೇ ಹೊರಗೆ ಹಾಕಿತ್ತು. ಧ್ವನಿಮುದ್ರಣದ ಈ ಭಾಗ ಕೇಳಿದಾಗ ನಾನು ಅಂಚಿನಲ್ಲಿ ಬರೆದಿದ್ದ ‘ಸರಿ’ ನೆನಪಾಗಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಶರೀಫರ ಬಗ್ಗೆ, ಹುಬ್ಬಳ್ಳಿಯ ಸಿದ್ಧಾರೂಢರ ಬಗ್ಗೆ, ಲಕ್ಷ್ಮೇಶ್ವರದ ಬಸದಿ, ಗುಡಿ, ಮಸೀದಿಗಳ ಬಗ್ಗೆ ನಾವು ಬರೆಯುವಾಗ ‘ಎರಡೂ’, ‘ಸಂಗಮ’, ‘ಬೆಸುಗೆ’ ಎಂಬ ಪದಗಳು ತಾವಾಗಿ ಪೆನ್ನಿಗೆ ಬರುತ್ತವೆ. ಬೆಸೆದವರು ಯಾರು, ಬೆಸೆದುಕೊಂಡೆವೆಂದು ಅವರು ಹೇಳಿದರೇ ಎಂದು ಕೇಳುವುದು ಉಳಿದುಬಿಡುತ್ತದೆ.

ಸ್ಮಿತ್ 1963ರ ತಮ್ಮ ಮುಖ್ಯ ಗ್ರಂಥದಲ್ಲಿ ಇದೇ ಗಂಟನ್ನು ಬಿಚ್ಚಿದ್ದಾರೆ. ಹಿಂದೂ ಧರ್ಮ, ಬೌದ್ಧ ಧರ್ಮ ಎಂದು ಬೇಲಿ ಹಾಕಿದ ಹೊಲಗಳಂತೆ ಧರ್ಮಗಳನ್ನು ಎಣಿಸುವುದು ಇತ್ತೀಚಿನ ರೂಢಿ, ಅದೂ ಬಹುಮಟ್ಟಿಗೆ ಯುರೋಪಿನಿಂದ ಬಂದದ್ದು. ಜನ ಬಾಳಿದ್ದು ಆ ಹೆಸರುಗಳೊಳಗೆ ಅಲ್ಲ ಎಂಬುದು ಅವರ ವಾದ. ‘ರಿಲಿಜನ್’ ಎಂಬ ಒಂದೇ ಪದದ ಬದಲು ಎರಡನ್ನು ಬಳಸೋಣ ಎಂದರು. ಗುಡಿ, ಗ್ರಂಥ, ಪದ, ಕಾನೂನು, ಕಥೆ ಎಂದು ತಲೆಮಾರಿನಿಂದ ಕೂಡಿಬಂದದ್ದು ಒಂದು. ಅದನ್ನು ಸಂಚಿತ ಪರಂಪರೆ ಎನ್ನಬಹುದು. ಅದರ ನಡುವೆ ನಿಂತ ಒಬ್ಬೊಬ್ಬ ಮನುಷ್ಯನ ಶ್ರದ್ಧೆ ಇನ್ನೊಂದು. ಮೊದಲನೆಯದನ್ನು ಹೊರಗಿನವರು ಎಣಿಸಬಹುದು, ಓದಬಹುದು. ಎರಡನೆಯದನ್ನು ಆ ಮನುಷ್ಯನನ್ನೇ ಕೇಳಬೇಕು. ಮಾಸ್ತರರ ಮುಂದೆ ಎರಡು ಪರಂಪರೆಗಳ ಸಾಮಗ್ರಿ ಇದೆ, ಶ್ರದ್ಧೆ ಒಂದೇ. ನಮ್ಮ ವಾಕ್ಯ ಸಾಮಗ್ರಿಯನ್ನು ಎಣಿಸಿ ಶ್ರದ್ಧೆಯ ಲೆಕ್ಕ ಬರೆದಿತ್ತು.

ಹೊರಡುವ ಮುಂಚೆ ಮಾಸ್ತರರು ಕೇಳಿದರು: “ಅದಿರಲಿ. ನಿಮ್ಮ ಮನ್ಯಾಗ ಯಾವ ದೇವರಿಗೆ ನಡಕೋತೀರವಾ?”

“ನಮ್ಮ ಮನಿಯವರು ದೇವರಗುಡ್ಡದ ಮಾಲತೇಶಗ ನಡಕೋತಾರ್ರೀ,” ಎಂದಳು ಅವಳು.

ಧ್ವನಿಮುದ್ರಣದಲ್ಲಿ ಇಲ್ಲಿ ಎರಡು ಉಸಿರಿನಷ್ಟು ಮೌನವಿದೆ. ಆಮೇಲೆ ಅವಳು ತನಗೇ ಹೇಳಿಕೊಂಡಂತೆ “ಅಯ್ಯ” ಎನ್ನುತ್ತಾಳೆ. ಹುಟ್ಟಿದಾಗಿನಿಂದ ತನ್ನ ಮನೆಯಲ್ಲಿ ಕೇಳಿದ ಪದ. ಮದುವೆ ಮಾತುಕತೆಯಲ್ಲಿ, ಹರಕೆ ತೀರಿಸುವಾಗ, ಸೋಬತಿಗಳ ಮನೆಗೆ ಹೋದಾಗ ಬಾಯಲ್ಲಿ ಬರುವ ಪದ. ಪ್ರಬಂಧ ಬರೆಯಲು ಕುಳಿತಾಗ ಮಾತ್ರ ಅದನ್ನು ಹೊಸ್ತಿಲಾಚೆ ಬಿಟ್ಟು ‘ನಂಬಿಕೆ’ಯನ್ನು ಒಳಗೆ ಕರೆದಿದ್ದಳು. ಮಾಸ್ತರರ ಆ ಪ್ರಶ್ನೆಯಲ್ಲಿ ಸ್ಮಿತ್ ಹೇಳಿದ ‘ನಾವು’ ಬಂದು ಕುಳಿತಿತ್ತು. ಬರೆಯುವವಳೂ ಬರೆಸಿಕೊಳ್ಳುವವರೂ ಒಂದೇ ಕ್ರಿಯಾಪದದೊಳಗೆ ಇದ್ದರು.

ಸಂಜೆ ಗದ್ದುಗೆಯ ಹತ್ತಿರ ಕಸ ಹೊಡೆಯುತ್ತಿದ್ದ ಒಬ್ಬ ಹೆಂಗಸಿಗೆ ‘ಭಕ್ತರು’ ಎಂದು ಓದಿ ಹೇಳಿದಾಗ, “ಭಕ್ತರಲ್ಲಬೇ, ನಾವು ಅಜ್ಜನ ಒಕ್ಕಲು” ಎಂದು ಅಷ್ಟಕ್ಕೇ ಬಿಟ್ಟಳು. ಒಬ್ಬ ಹುಡುಗ ಮಾತ್ರ ಎಲ್ಲ ಕೇಳಿ, “ಕರೆಕ್ಟ್ ಐತ್ರಿ, ಎಲ್ಲ ಹಂಗ ಇರ್ಲಿ” ಎಂದ. ಒಪ್ಪಿಗೆ ಎಂದರೆ ಇದೂ ಒಪ್ಪಿಗೆಯೇ. ಅವನ ಪಾಲಿಗೆ ಆ ವಾಕ್ಯ ನಿಜವಾಗಿಯೇ ಇದ್ದಿರಬಹುದು. ಸ್ಮಿತ್ ಹೇಳಿದ ನಿಯಮವನ್ನು ಒಬ್ಬರ ಸಹಿ ತೆಗೆದುಕೊಂಡು ಪೂರೈಸಿದೆವೆಂದು ಹೇಳಲಾಗದು ಎಂಬುದು ನಮಗೆ ಆ ದಿನ ತಿಳಿಯಿತು.

ಚತುರ್ಥಿ ವಿಭಕ್ತಿ

ಧಾರವಾಡಕ್ಕೆ ಬಂದ ಮೇಲೆ ನಾವಿಬ್ಬರೂ ಹಲವು ದಿನ ಒಂದೇ ಪದ ಹಿಡಿದು ಕುಳಿತೆವು. ಶಿಷ್ಟ ಕನ್ನಡದಲ್ಲಿ ನಡೆದುಕೊಳ್ಳು ಎಂದರೆ ವರ್ತಿಸು ಎಂದರ್ಥ. ‘ಚೆನ್ನಾಗಿ ನಡೆದುಕೊಂಡ’ ಎನ್ನುತ್ತೇವೆ. ಅಲ್ಲಿ ದೇವರಿಲ್ಲ. ನಮ್ಮ ಕಡೆಯ ಬಳಕೆಯಲ್ಲಿ ಅದೇ ಕ್ರಿಯಾಪದ ಒಂದು ಹೆಸರನ್ನು ಬೇಡುತ್ತದೆ, ಅದೂ ಚತುರ್ಥಿಯಲ್ಲಿ. ಅಜ್ಜಗ ನಡಕೋತೀವಿ. ಯಲ್ಲಮ್ಮಗ ನಡಕೋತೀವಿ. ‘ನಂಬು’ ದ್ವಿತೀಯೆ ಬೇಡುತ್ತದೆ, ಅಜ್ಜನನ್ನು ನಂಬುತ್ತೇವೆ. ನಂಬುವಾಗ ಅಜ್ಜ ನನ್ನ ಮನಸ್ಸಿನ ಕೆಲಸಕ್ಕೆ ಕರ್ಮವಾಗುತ್ತಾನೆ. ನಡಕೊಳ್ಳುವಾಗ ಅವನು ಅಲ್ಲಿ ನಿಂತಿರುತ್ತಾನೆ, ನನ್ನ ನಡೆ ಅವನ ಕಡೆಗೆ ತಿರುಗುತ್ತದೆ. ಮನಸ್ಸಿನಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ. ವರ್ಷಕ್ಕೊಮ್ಮೆ ಬರುತ್ತೀಯೋ, ಹೊಸ ಬೆಳೆ ಮುಟ್ಟಿಸುತ್ತೀಯೋ, ಮನೆಯ ಹೊಸ ಸೊಸೆಯನ್ನು ಕರೆತರುತ್ತೀಯೋ ಎಂಬುದೇ ಮಾತು.

“ನುಡಿಯೊಳಗಾಗಿ ನಡೆಯದಿದ್ದರೆ” ಎಂಬ ಬಸವಣ್ಣನವರ ಮಾತಿಗೆ ಇದನ್ನು ಜೋಡಿಸಬಹುದೇ ಎಂದು ಅವಳು ಕೇಳಿದಳು. ಬೇಡವೆಂದೆ. ಅಲ್ಲಿಯ ನಡೆ ನುಡಿಗೆ ಹೊಂದಬೇಕಾದ ನಡೆ. ಇಲ್ಲಿಯದು ಒಬ್ಬರಿಗೆ ಸಲ್ಲುವ ನಡೆ. ಒಂದೇ ಧಾತು ಎಂಬ ಕಾರಣಕ್ಕೆ ಸೇರಿಸಿದರೆ ಹಳೆಯ ಕೋಷ್ಟಕವೇ ತಿರುಗಿ ಬರುತ್ತಿತ್ತು.

ಆಗ ಸ್ಮಿತ್ ಅವರ ಕೊನೆಯ ಹಂತದ ಎರಡು ಪುಸ್ತಕಗಳನ್ನು ತೆಗೆದೆವು, 1977ರದು ಒಂದು, 1979ರದು ಒಂದು. ಎರಡರ ಹುರುಳೂ ಒಂದೇ: ಶ್ರದ್ಧೆ ಬೇರೆ, ನಂಬಿಕೆ ಬೇರೆ. ಇಂಗ್ಲಿಷಿನ ‘ಬಿಲೀವ್’ ಮೊದಲಿಗೆ ಒಂದು ಸಂಗತಿಯನ್ನು ನಿಜವೆಂದು ಒಪ್ಪುವುದಕ್ಕೆ ಬಳಕೆಯಾಗುತ್ತಿರಲಿಲ್ಲ, ಪ್ರೀತಿಯಿಂದ ತನ್ನದಾಗಿ ಹಿಡಿದುಕೊಳ್ಳುವುದು ಅದರ ಅರ್ಥವಾಗಿತ್ತು ಎಂದು ಅವರು ತೋರಿಸುತ್ತಾರೆ. ಲ್ಯಾಟಿನ್ನಿನ ‘ಕ್ರೆಡೊ’ದಲ್ಲಿ ಹೃದಯ ಇಡುವ ಅರ್ಥವಿದೆ. ನಮ್ಮ ಸಂಸ್ಕೃತದ ‘ಶ್ರದ್ಧಾ’ ಪದದಲ್ಲೂ ಅದೇ ಇದೆ ಎಂದು ಬಿಡಿಸಿ ಹೇಳುತ್ತಾರೆ. ಕುರ್‌ಆನಿನ ‘ಈಮಾನ್’ ಕೂಡ ಬರಿಯ ಅಭಿಪ್ರಾಯವಲ್ಲ, ಗುರುತಿಸಿ ಒಪ್ಪಿ ಅದರಂತೆ ನಿಲ್ಲುವುದು ಎನ್ನುತ್ತಾರೆ. ಕಾಲ ಕಳೆದಂತೆ ಈ ಪದಗಳು ಸೊರಗಿ, ‘ಇದು ನಿಜವಿರಬಹುದು’ ಎಂಬ ತಲೆಯ ಲೆಕ್ಕಕ್ಕೆ ಇಳಿದವು. ಆ ಸೊರಗಿದ ಪದ ಹಿಡಿದು ಬೇರೆಯವರನ್ನು ‘ನೀವು ಏನನ್ನು ನಂಬುತ್ತೀರಿ’ ಎಂದು ಕೇಳಿದರೆ, ಬರುವ ಉತ್ತರವೂ ಸೊರಗಿದ್ದೇ ಆಗಿರುತ್ತದೆ.

ಈ ಪುಟಗಳನ್ನು ಓದುವಾಗ ನನಗಾದ ಸಂತೋಷ ಹೇಳತೀರದು. ಹಾರ್ವರ್ಡಿನ ಪ್ರಾಧ್ಯಾಪಕರೊಬ್ಬರು ಹಲವು ಭಾಷೆಗಳ ಹಳೆಯ ಗ್ರಂಥ ತೆರೆದು ಹುಡುಕುತ್ತಿದ್ದದ್ದು ಕುಂದಗೋಳ, ಶಿಗ್ಗಾವಿಯ ಹೊಲಗಳಲ್ಲಿ ದಿನಬಳಕೆಯ ಮಾತಾಗಿ ಓಡಾಡುತ್ತಿತ್ತು. ಸ್ಮಿತ್ ಅವರಿಗೆ ಈ ಪದ ಸಿಕ್ಕಿದ್ದರೆ ಎಷ್ಟು ಖುಷಿಪಡುತ್ತಿದ್ದರೋ ಎಂದು ನಾವಿಬ್ಬರೂ ಮಾತಾಡಿಕೊಂಡೆವು.

ಆದರೆ ಅದೇ ಪದ ಸ್ಮಿತ್ ಅವರನ್ನೂ ಒಂದು ಕಡೆ ತಿದ್ದುತ್ತದೆ. 2001ರಲ್ಲಿ ಮಾನವಶಾಸ್ತ್ರಜ್ಞ ತಲಾಲ್ ಅಸದ್ ಅವರು ಸ್ಮಿತ್ ಅವರ 1963ರ ಗ್ರಂಥವನ್ನು ಮತ್ತೆ ಓದಿ ಒಂದು ಗಂಭೀರ ಆಕ್ಷೇಪ ಎತ್ತಿದರು: ಶ್ರದ್ಧೆಯನ್ನು ಒಬ್ಬ ವ್ಯಕ್ತಿಯ ಅಂತರಂಗಕ್ಕೆ ಸೇರಿಸಿ, ಮೈಯಿಂದ ಮಾಡುವ ಆಚರಣೆ, ಕಟ್ಟಳೆಗಳನ್ನು ಹೊರಗಿನ ಸಾಮಗ್ರಿ ಎಂದು ಬೇರ್ಪಡಿಸಿದ್ದು ಸರಿಯಲ್ಲ, ಶ್ರದ್ಧೆ ರೂಪುಗೊಳ್ಳುವುದೇ ಆ ಅಭ್ಯಾಸಗಳಲ್ಲಿ. ಸವಳು ಮಣ್ಣು ಹೊತ್ತು ವರ್ಷ ವರ್ಷ ಮೇಲೇರುವ ಅಜ್ಜನ ಮಾತಿಗೆ ಅಸದ್ ಅವರೇ ಹೆಚ್ಚು ಹತ್ತಿರ. ‘ನಮ್ಮಪ್ಪ ನಡಕೊಂಡ, ನಾವು ನಡಕೊಂಡೀವಿ’ ಎಂಬಲ್ಲಿ ಒಬ್ಬನೇ ಮನುಷ್ಯನ ಎದೆ ಎಲ್ಲಿದೆ? ಅದು ಮನೆತನದ ಮಾತು. ನನ್ನ ವಿದ್ಯಾರ್ಥಿನಿ ಈ ತಿದ್ದುಪಡಿಯನ್ನು ಪ್ರಬಂಧದಲ್ಲಿ ಸೇರಿಸಿದಳು. ಇಡೀ ಪ್ರಬಂಧದಲ್ಲಿ ಅವಳ ಸ್ವಂತದ ದೊಡ್ಡ ಕೆಲಸ ಅದೇ ಎಂದು ನನ್ನ ಅಭಿಪ್ರಾಯ.

ಸ್ಮಿತ್ ಅವರ ನಿಯಮಕ್ಕೆ ಎಲ್ಲೆಯೂ ಒಂದಿದೆ, ಅದನ್ನು ಮರೆತರೆ ಸಂಶೋಧನೆ ಗಟ್ಟಿಯಾಗಿ ನಿಲ್ಲಲಾರದು. ಅಜ್ಜ ಹಾಡಿದ ಒಂದು ಪದದ ಕೊನೆಗೆ ‘ಶಿಶುನಾಳಧೀಶ’ ಎಂಬ ಅಂಕಿತವಿತ್ತು, ನಡುವೆ ಮೋಟಾರಿನ ಮಾತು ಬರುತ್ತಿತ್ತು. 1889ರಲ್ಲಿ ತೀರಿಕೊಂಡವರ ಪದದಲ್ಲಿ ಮೋಟಾರು ಓಡುವ ಹಾಗಿಲ್ಲ. ಅವಳು ಕೇಳಿದಾಗ ಅಜ್ಜ, “ಅಜ್ಜಗ ಮೊದಲ ಕಾಣಿಸಿತ್ತು ಬಿಡ” ಎಂದರು. ಸ್ಮಿತ್ ಅದೇ 1959ರ ಪ್ರಬಂಧದಲ್ಲಿ ಇದನ್ನೂ ಬಿಡಿಸಿ ಹೇಳಿದ್ದಾರೆ: ಹೊರಗಿನ ಸಂಗತಿಗಳಲ್ಲಿ, ಕಾಲ ನಿರ್ಣಯದಲ್ಲಿ, ಪಾಠ ಪರಿಷ್ಕರಣದಲ್ಲಿ ಒಳಗಿನವರಿಗೆ ತಿಳಿಯದ್ದನ್ನು ಹೊರಗಿನ ವಿದ್ವಾಂಸ ಕಂಡುಹಿಡಿಯಬಲ್ಲ, ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಆ ಸಂಗತಿ ಶ್ರದ್ಧೆಯುಳ್ಳವರಿಗೆ ಏನಾಗಿ ಕಾಣುತ್ತದೆ ಎಂಬಲ್ಲಿ ಮಾತ್ರ ಅವರೇ ಪ್ರಮಾಣ. ಆ ಪದ ಶರೀಫರದಾಗಿರಲಾರದು, ಅವರ ಅಂಕಿತದಲ್ಲಿ ಆಮೇಲಿನವರು ಕಟ್ಟಿದ್ದು ಎಂದು ಅವಳು ಬರೆದಳು. ಅಜ್ಜನ ಮಾತನ್ನೂ ಹಾಗೆಯೇ ಬರೆದಳು. ಎರಡಕ್ಕೂ ಪುಟದಲ್ಲಿ ಜಾಗವಿತ್ತು.

ಹೊಸ ವಾಕ್ಯ

ಕೋಷ್ಟಕ ಹೋಯಿತು. ಅಧ್ಯಾಯ ಮೊದಲಿನಿಂದ ಬರೆಯಲು ಒಂದು ಚಾತುರ್ಮಾಸವೇ ಬೇಕಾಯಿತು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ‘ನಡಕೊಳ್ಳುವುದು’ ಆಡುಮಾತು, ಪಾರಿಭಾಷಿಕ ಪದವಾಗಲಾರದು, ‘ಆಚರಣೆ’ ಎಂದು ಬದಲಿಸಿ ಎಂದರು. ಆಚರಣೆಯನ್ನು ಯಾರಿಗೂ ಸಲ್ಲಿಸದೆ ಮಾಡಬಹುದು, ನಡಕೊಳ್ಳಬೇಕಾದರೆ ಎದುರಿಗೆ ಒಬ್ಬರು ಬೇಕು ಎಂದು ಅವಳು ಹೇಳಿದಳು. ಚತುರ್ಥಿಯ ಮಾತನ್ನು ಹಲಗೆಯ ಮೇಲೆ ಬರೆದು ತೋರಿಸಿದಳು. ಪರೀಕ್ಷಕರು ಸ್ವಲ್ಪ ಹೊತ್ತು ಹಲಗೆ ನೋಡಿ, ಪದವನ್ನು ಹಾಗೆಯೇ ಉಳಿಸಲು ಒಪ್ಪಿದರು.

ಮೂರನೆಯ ಅಧ್ಯಾಯ ಈಗ ಹೀಗೆ ಶುರುವಾಗುತ್ತದೆ: “ಶಿಶುನಾಳದ ಅಜ್ಜನಿಗೆ ನಡೆದುಕೊಳ್ಳುವ ಮನೆತನಗಳು ಸುತ್ತಿನ ಊರುಗಳಲ್ಲಿವೆ. ಅವುಗಳಲ್ಲಿ ಮುಸಲ್ಮಾನರ ಮನೆಗಳಿವೆ, ಲಿಂಗಾಯತರ ಮನೆಗಳಿವೆ, ಬೇರೆಯವರ ಮನೆಗಳೂ ಇವೆ. ಫಾತೆಹಾ ಓದುವವರು ಫಾತೆಹಾ ಓದುತ್ತಾರೆ, ಕಾಯಿ ಒಡೆಯುವವರು ಕಾಯಿ ಒಡೆಯುತ್ತಾರೆ.”

ಮಾಸ್ತರರಿಗೆ ಇದನ್ನು ಮೊದಲೇ ಕಳಿಸಿದ್ದಳು. ಅವರು ‘ಅಜ್ಜನಿಗೆ’ ಎಂಬುದನ್ನು ಹೊಡೆದು ‘ಅಜ್ಜಾರಿಗೆ’ ಎಂದು ಬರೆದು ವಾಪಸ್ ಕಳಿಸಿದರು. ಹಾಡಿಕೆಯ ಅಜ್ಜ ಏಕವಚನದಲ್ಲೇ ಕರೆಯುತ್ತಾರಲ್ಲ ಎಂದು ಅವಳಿಗೆ ಯೋಚನೆಯಾಯಿತು. ಕೊನೆಗೆ ಮಾಸ್ತರರ ಮಾತು ಬರುವಲ್ಲೆಲ್ಲ ‘ಅಜ್ಜಾರು’, ಅಜ್ಜನ ಮಾತು ಬರುವಲ್ಲೆಲ್ಲ ‘ಅಜ್ಜ’ ಎಂದು ಇಟ್ಟಳು.

ಪದವಿ ಬಂದ ಮೇಲೆ ಪ್ರಬಂಧದ ಒಂದು ಪ್ರತಿ ಹಿಡಿದು ಮತ್ತೆ ಹೋದಳು. ಈ ಸಲ ನಾನೂ ಜೊತೆಗಿದ್ದೆ. ಮಳೆಗಾಲ ಹತ್ತಿರ ಬಂದಿತ್ತು. ಮಾಳಿಗೆಯ ಮೇಲೆ ಅಜ್ಜನ ಮಗ ಮಣ್ಣು ತುಳಿಯುತ್ತಿದ್ದ, ಜಂತಿಯ ಸಂದಿನಿಂದ ಸಣ್ಣ ಧೂಳು ಜಗಲಿಗೆ ಉದುರುತ್ತಿತ್ತು. ಶಾಲೆಗೆ ಹೋಗುವ ಮೊಮ್ಮಗಳ ಕೈಗೆ ಅಜ್ಜ ಪುಸ್ತಕ ಕೊಟ್ಟರು. ಅವಳು ಬೆರಳಿಟ್ಟು ಒಂದೊಂದೇ ಪದ ಓದಿದಳು. ‘ನಡೆದುಕೊಳ್ಳುವ’ ಎಂಬಲ್ಲಿ ಒತ್ತಕ್ಷರಕ್ಕೆ ತಡವರಿಸಿ ತಾನೇ ನಿಂತು ಅಜ್ಜನ ಮುಖ ನೋಡಿದಳು.

“ಮುಂದ ಓದವಾ,” ಎಂದರು ಅಜ್ಜ.